ಆರು ವಾರದ ಮಗುವಿಗೆ ಪಿಸಿವಿ: ಸರಕಾರಿ ಆರೋಗ್ಯ ಕೇಂದ್ರದಲ್ಲಿ ಹಾಕಿಸುವುದೋ, ಹೊರಗೆ ಹಣ ಕೊಡುವುದೋ, ಕಾಯುವುದೋ?

ಸುರತ್ಕಲ್ ಬಾಣಂತಿ

ಮಗಳಿಗೆ ಬರುವ ವಾರ ಆರು ವಾರ ತುಂಬುತ್ತದೆ. ಈಗ ತವರಿನಲ್ಲಿದ್ದೇನೆ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡು ನೋಡಿ, ಮುಂದಿನ ಲಸಿಕೆಯ ದಿನ ಮಗುವನ್ನು ಕರೆತರಲು ಹೇಳಿದ್ದಾರೆ. ಪೋಲಿಯೊ ಹನಿ, ರೋಟಾ, ಪೆಂಟಾವೇಲೆಂಟ್, ಪೋಲಿಯೊ ಚುಚ್ಚುಮದ್ದು, ಇವುಗಳ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಗೊಂದಲವೆಲ್ಲ ಪಿಸಿವಿ ಎಂಬ ನ್ಯುಮೋಕಾಕಲ್ ಲಸಿಕೆಯದು.

ಬ್ರಹ್ಮಾವರದಿಂದ ಅತ್ತೆ ಫೋನ್ ಮಾಡಿ, ಅಷ್ಟು ಎಳೆಯ ಮಗುವಿಗೆ ಒಂದೇ ದಿನ ಮೂರು ಕಡೆ ಚುಚ್ಚುವುದು ಬೇಡ, ಆಟಿ ತಿಂಗಳು ಕಳೆಯಲಿ, ಮಳೆ ಇಳಿಯಲಿ ಎನ್ನುತ್ತಾರೆ. ಮಗುವಿನ ಅಪ್ಪ ಮಸ್ಕತ್‌ನಲ್ಲಿದ್ದಾರೆ, ಖರ್ಚಾದರೂ ಚಿಂತೆಯಿಲ್ಲ, ಖಾಸಗಿ ಆಸ್ಪತ್ರೆಯಲ್ಲಿ ಸಿಗುವ ರೋಗಾಣುವಿನ ಹದಿಮೂರು ಬಗೆಗಳನ್ನು ತಡೆಯುವ ಪಿಸಿವಿಯನ್ನೇ ಹಾಕಿಸು ಎನ್ನುತ್ತಾರೆ. ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್ ಇದೆಯಲ್ಲ, ಇದೆಲ್ಲ ಕಂಪೆನಿಗಳ ವ್ಯಾಪಾರ ಎಂಬುದು ಅಣ್ಣನ ವಾದ. ಮೂವರೂ ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೆ ಮಗುವನ್ನು ಎತ್ತಿಕೊಂಡು ಹೋಗಬೇಕಾದವಳು ನಾನು. ತಿಳಿದವರು ಬಿಡಿಸಿ ಹೇಳಬೇಕು.

ಕದ್ರಿಯ ಅಮ್ಮ

ನನ್ನ ಇಬ್ಬರಿಗೂ ಕೇಂದ್ರದಲ್ಲೇ ಹಾಕಿಸಿದ್ದೇನೆ. ದೊಡ್ಡವನಿಗೆ ಒಂದು ರಾತ್ರಿ ಮೈ ಬಿಸಿಯಾಯಿತು, ತೊಡೆ ಸ್ವಲ್ಪ ಊದಿ ಕೆಂಪಾಗಿತ್ತು. ಚಿಕ್ಕವಳಿಗೆ ಅದೂ ಇಲ್ಲ. ಹಾಕಿಸಿ.

ಉಡುಪಿಯ ದಾದಿ

ಉಡುಪಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವುದು ನನ್ನ ಕೆಲಸ. ನಿಮ್ಮ ಮೂರು ಪ್ರಶ್ನೆಗಳೂ ನಮ್ಮಲ್ಲಿಗೆ ಬರುವ ತಾಯಂದಿರು ನಿತ್ಯ ಕೇಳುವಂಥವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನ್ಯುಮೋಕಾಕಸ್ ದೂರದಿಂದ ಬರುವ ರೋಗಾಣುವಲ್ಲ. ಚೆನ್ನಾಗಿ ಆಡಿಕೊಂಡಿರುವ ಮಕ್ಕಳ ಮೂಗು ಗಂಟಲಿನಲ್ಲೇ ಅದು ತೆಪ್ಪಗೆ ಇರುತ್ತದೆ. ಅಂಗನವಾಡಿಗೆ ಹೋಗುವ ನೆರೆಮನೆಯ ಹುಡುಗ ಬಂದು ತೊಟ್ಟಿಲ ಬಳಿ ಕೆಮ್ಮಿದರೆ ಸಾಕು, ದಾಟಿಕೊಳ್ಳುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಅದೇ ರೋಗಾಣು ಕಿವಿಗೆ ಹೋದರೆ ಕಿವಿ ಸೋರುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ರಕ್ತ ಸೇರಿದರೆ ಇಡೀ ಮೈಗೆ ನಂಜು, ಮಿದುಳಿನ ಪೊರೆ ಮುಟ್ಟಿದರೆ ಮೆನಿಂಜೈಟಿಸ್. ಇದಕ್ಕೆ ಹೆಚ್ಚು ಸಿಲುಕುವುದು ಎರಡು ವರ್ಷದೊಳಗಿನ ಮಕ್ಕಳು. ತಾಯಿಯಿಂದ ಬಂದ ರಕ್ಷಣೆ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಮಗುವಿನದೇ ರಕ್ಷಣೆ ಅಷ್ಟರಲ್ಲಿ ಬೆಳೆದಿರಬೇಕು. ಆರನೆಯ ವಾರಕ್ಕೇ ಲಸಿಕೆ ಶುರುಮಾಡುವುದು ಅದಕ್ಕಾಗಿ. ಮಳೆ ಇಳಿಯಲಿ ಎಂದು ಕಾದರೆ, ಮನೆಯವರೆಲ್ಲ ಬಾಗಿಲು ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಶೀತ ಹಂಚಿಕೊಳ್ಳುವ ದಿನಗಳನ್ನು ಮಗು ರಕ್ಷಣೆಯಿಲ್ಲದೆ ಕಳೆಯಬೇಕಾಗುತ್ತದೆ.

ಸರಕಾರಿ ವೇಳಾಪಟ್ಟಿಯಲ್ಲಿ ಪಿಸಿವಿ ಮೂರು ಸಲ: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಬೂಸ್ಟರ್. ಆರನೆಯ ವಾರ ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ಪಿಸಿವಿ, ಬಲ ತೋಳಿನ ಮೇಲ್ಭಾಗದಲ್ಲಿ ಚರ್ಮದೊಳಗೆ ಪೋಲಿಯೊ. ಮೂರು ಚುಚ್ಚು ಎಂದರೆ ತಾಯಿಯ ಕರುಳು ಚುರುಕ್ ಎನ್ನುವುದು ಸಹಜವೇ. ಆದರೆ ಒಂದನ್ನು ಮುಂದಕ್ಕೆ ಹಾಕಿದರೆ ಮಗುವಿಗೆ ನೋವು ಕಡಿಮೆಯಾಗುವುದಿಲ್ಲ; ಅದೇ ನೋವು ಇನ್ನೊಂದು ದಿನಕ್ಕೆ ಹೋಗುತ್ತದೆ, ನಡುವೆ ರಕ್ಷಣೆಯಿಲ್ಲದ ದಿನಗಳು ಸೇರುತ್ತವೆ. ಒಟ್ಟಿಗೆ ಕೊಟ್ಟರೆ ಒಂದು ಲಸಿಕೆ ಇನ್ನೊಂದನ್ನು ಕೆಡಿಸುವುದೂ ಇಲ್ಲ. ಚುಚ್ಚುವಾಗ ಮಗುವನ್ನು ಮಡಿಲಲ್ಲಿ ಅವಚಿ ಹಿಡಿದುಕೊಳ್ಳಿ, ಆದ ಕೂಡಲೇ ಹಾಲು ಕೊಡಿ. ಅರ್ಧ ಗಂಟೆ ಅಲ್ಲೇ ಕುಳಿತು ಮನೆಗೆ ಹೋಗಿ.

ಶೀತ, ಸಣ್ಣ ಕೆಮ್ಮು ಇದ್ದರೂ ಹಾಕಿಸಬಹುದು. ಜೋರು ಜ್ವರವಿದ್ದರೆ ಇಳಿದ ಮೇಲೆ ಬನ್ನಿ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಮತ್ತೆ ಕೊಡುವುದಿಲ್ಲ, ಅಂಥದ್ದು ಬಹಳ ಅಪರೂಪ. ಇನ್ನೊಂದು ಮಾತು: ಜ್ವರ ಬರಬಾರದೆಂದು ಮನೆಯಿಂದ ಹೊರಡುವಾಗಲೇ ಪ್ಯಾರಾಸಿಟಮಾಲ್ ಹನಿ ಹಾಕಿಕೊಂಡು ಬರಬೇಡಿ. ಆಮೇಲೆ ಜ್ವರ ಬಂದರೆ ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿ ನಾವೇ ಹೇಳುತ್ತೇವೆ.

ಬಂಟ್ವಾಳದ ಅಪ್ಪ

ಎಲ್ಲರೂ ಹಾಕಿಸಿ ಹಾಕಿಸಿ ಎನ್ನುತ್ತೀರಿ. ನನ್ನ ಮಗನಿಗೆ ಮೂರೂ ಡೋಸ್ ಆಗಿತ್ತು. ಒಂದೂಕಾಲು ವರ್ಷಕ್ಕೆ ನ್ಯುಮೋನಿಯಾ ಎಂದು ಮಂಗಳೂರಿನಲ್ಲಿ ಅಡ್ಮಿಟ್ ಮಾಡಬೇಕಾಯಿತು. ಆಮ್ಲಜನಕದ ಕೊಳವೆ ಮೂಗಿಗೆ ಹಾಕಿ ಮಲಗಿಸಿದ ಮಗುವಿನ ಪಕ್ಕ ಕುಳಿತವನಿಗೆ ಬರುವ ಪ್ರಶ್ನೆ ಒಂದೇ: ಹಾಗಾದರೆ ಆ ಲಸಿಕೆ ಮಾಡಿದ್ದೇನು? ಇದಕ್ಕೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ.

ಮಣಿಪಾಲದಿಂದ

ಬಂಟ್ವಾಳದ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಸಿಗಲೇಬೇಕು. ನಾನು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಗೊತ್ತಿರುವಷ್ಟನ್ನು ಹೇಳುತ್ತೇನೆ.

ನ್ಯುಮೋನಿಯಾ ಒಂದು ರೋಗಾಣುವಿನ ಹೆಸರಲ್ಲ. ಶ್ವಾಸಕೋಶಕ್ಕೆ ಸೋಂಕು ತಗಲಿ ಅಲ್ಲಿ ಕೀವು, ನೀರು ತುಂಬುವ ಸ್ಥಿತಿಯ ಹೆಸರು. ಆರ್‌ಎಸ್‌ವಿ, ಇನ್‌ಫ್ಲುಯೆನ್ಜಾ ಮೊದಲಾದ ವೈರಸ್‌ಗಳೂ ಅದನ್ನು ತರುತ್ತವೆ, ಬೇರೆ ಬ್ಯಾಕ್ಟೀರಿಯಾಗಳೂ ತರುತ್ತವೆ. ಪಿಸಿವಿ ತಡೆಯುವುದು ನ್ಯುಮೋಕಾಕಸ್ಸನ್ನು ಮಾತ್ರ. ಅದರಲ್ಲೂ ಲಸಿಕೆಯೊಳಗೆ ಸೇರಿಸಿದ ಬಗೆಗಳನ್ನು. ಈ ರೋಗಾಣುವಿನಲ್ಲಿ ತೊಂಬತ್ತಕ್ಕೂ ಹೆಚ್ಚು ಬಗೆಗಳಿವೆ. ನಿಮ್ಮ ಮಗನಿಗೆ ಬಂದದ್ದು ಯಾವುದರಿಂದ ಎಂದು ಈಗ ಹೇಳುವುದು ಕಷ್ಟ, ಚಿಕ್ಕ ಮಕ್ಕಳಲ್ಲಿ ವೈರಸ್‌ನಿಂದ ಬರುವುದು ಬಹಳ ಸಾಮಾನ್ಯ. ಲಸಿಕೆ ಹಾಕಿಸಿದ ಮಗುವಿಗೆ ಇನ್ನು ನ್ಯುಮೋನಿಯಾ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ ಅದು ತಪ್ಪು ಮಾತು, ಅಂಥ ಮಾತೇ ಮುಂದೆ ಜನರ ನಂಬಿಕೆ ಮುರಿಯುವುದು.

ಹಾಗಾದರೆ ಎಷ್ಟು ತಡೆಯುತ್ತದೆ? ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಒಂಬತ್ತು ಬಗೆಗಳ ಪಿಸಿವಿ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಎಕ್ಸ್‌ರೇಯಲ್ಲಿ ಖಚಿತವಾಗಿ ಕಾಣುವ ನ್ಯುಮೋನಿಯಾ ಶೇ. 37ರಷ್ಟು ಕಡಿಮೆಯಾಯಿತು. ಲಸಿಕೆಯಲ್ಲಿದ್ದ ಬಗೆಗಳು ರಕ್ತಕ್ಕೂ ಮಿದುಳಿನ ಪೊರೆಗೂ ನುಗ್ಗುವ ಕಾಯಿಲೆ ಶೇ. 77ರಷ್ಟು ಇಳಿಯಿತು. ಯಾವುದೇ ಕಾರಣದಿಂದ ಸಾಯುವ ಮಕ್ಕಳ ಪ್ರಮಾಣ ಶೇ. 16ರಷ್ಟು ಕಡಿಮೆಯಾಯಿತು. ಮೂರನೆಯ ಅಂಕಿಯನ್ನು ಓದಿದಾಗ ನನ್ನ ಎದೆ ತುಂಬಿ ಬಂದಿತ್ತು. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಒಂದೇ ಒಂದು ಲಸಿಕೆಯಿಂದ ಒಟ್ಟು ಸಾವು ಇಳಿಯುವುದೆಂದರೆ ಸಣ್ಣ ಮಾತಲ್ಲ. ಅಂದರೆ ಎಲ್ಲ ನ್ಯುಮೋನಿಯಾವನ್ನೂ ಇದು ನಿಲ್ಲಿಸುವುದಿಲ್ಲ, ಕೊಲ್ಲುವಂಥವುಗಳಲ್ಲಿ ದೊಡ್ಡ ಪಾಲನ್ನು ನಿಲ್ಲಿಸುತ್ತದೆ.

ಬಂಟ್ವಾಳದ ಅಪ್ಪ

ಆಸ್ಪತ್ರೆಯಲ್ಲಿ ಇಷ್ಟು ಹೇಳಿದ್ದರೆ ಸಾಕಿತ್ತು. ಮಗ ಈಗ ಹುಷಾರಾಗಿದ್ದಾನೆ.

ಕುಂದಾಪುರ ಕಡೆಯವನು

ಬಾಣಂತಿಯ ಅಣ್ಣನ ಪರವಾಗಿ ನಾನು ಮಾತಾಡುತ್ತೇನೆ, ಏಕೆಂದರೆ ಆ ಸಂದೇಹಗಳು ನನ್ನವೂ ಹೌದು. ಒಂದು, ರೋಗ ಬಂದರೆ ಆಂಟಿಬಯೋಟಿಕ್ ಇದೆ. ಎರಡು, ಹತ್ತು ಬಗೆಗಳನ್ನು ತಡೆದರೆ ಹನ್ನೊಂದನೆಯದು ಆ ಜಾಗಕ್ಕೆ ಬಂದು ಕೂರುತ್ತದೆ ಎಂದು ಓದಿದ್ದೇನೆ. ಮೂರು, ಏಳು ಇದ್ದದ್ದು ಹತ್ತಾಯಿತು, ಹದಿಮೂರಾಯಿತು, ಈಗ ಇಪ್ಪತ್ತಂತೆ. ಪ್ರತಿ ಸಲ ಹೊಸದು, ಪ್ರತಿ ಸಲ ದುಬಾರಿ. ಇದರಲ್ಲಿ ವ್ಯಾಪಾರ ಇಲ್ಲ ಎನ್ನಲು ಸಾಧ್ಯವೇ?

ಮಣಿಪಾಲದಿಂದ

ವ್ಯಾಪಾರ ಇದೆ, ಇಲ್ಲವೆಂದು ನಾನು ಹೇಳುವುದಿಲ್ಲ. ಏಳು ಬಗೆಗಳ ಮೊದಲ ಲಸಿಕೆಗೆ ಅಮೆರಿಕದಲ್ಲಿ 2000ದಲ್ಲೇ ಅನುಮತಿ ಸಿಕ್ಕಿತ್ತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಪಿಸಿವಿ ಬಂದದ್ದು 2017ರಲ್ಲಿ, ಅದೂ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಿಗೆ ಮಾತ್ರ. ದೇಶಕ್ಕೆಲ್ಲ ವಿಸ್ತರಿಸಿದ್ದು 2021ರಲ್ಲಿ. ಅಷ್ಟು ವರ್ಷ ಇದು ಹಣವಿದ್ದವರ ಮಕ್ಕಳಿಗಷ್ಟೇ ಸಿಗುತ್ತಿತ್ತು. ಸಿಟ್ಟು ಬರಬೇಕಾದದ್ದು ಆ ಅನ್ಯಾಯದ ಮೇಲೆ. ಈಗ ಅದೇ ರಕ್ಷಣೆ ಪುಕ್ಕಟೆಯಾಗಿ ಮನೆಯ ಹತ್ತಿರಕ್ಕೆ ಬಂದಿರುವಾಗ ವ್ಯಾಪಾರವೆಂದು ದೂರ ತಳ್ಳಿದರೆ ನಷ್ಟ ಕಂಪೆನಿಗಲ್ಲ, ಮಗುವಿಗೆ.

ಬಗೆ ಬದಲಾಗುವ ಮಾತು ನಿಜ. ಏಳು ಬಗೆಗಳ ಲಸಿಕೆ ಬಂದ ಮೇಲೆ ಅಮೆರಿಕದಲ್ಲಿ 19ಎ ಎಂಬ ಬಗೆ ಹೆಚ್ಚಿತು. ಆದರೆ ಮಕ್ಕಳಲ್ಲಿ ಒಟ್ಟು ತೀವ್ರ ಕಾಯಿಲೆ ಲಸಿಕೆಗೆ ಮುಂಚಿನ ಮಟ್ಟಕ್ಕಿಂತ ಬಹಳ ಕೆಳಗೇ ಉಳಿಯಿತು. ಹದಿಮೂರರ ಲಸಿಕೆಯಲ್ಲಿ 19ಎ ಸೇರಿಸಿದ್ದು ಅದೇ ಕಾರಣಕ್ಕೆ. ಇನ್ನೊಂದು ವಿಷಯವನ್ನು ಜನ ಹೇಳುವುದೇ ಇಲ್ಲ. ಅಲ್ಲಿ ಲಸಿಕೆ ಹಾಕಿದ್ದು ಮಕ್ಕಳಿಗೆ, ಕಾಯಿಲೆ ಇಳಿದದ್ದು ಮನೆಯ ಹಿರಿಯರಲ್ಲಿಯೂ. ಮಕ್ಕಳ ಮೂಗಿನಲ್ಲಿ ಆ ಬಗೆಗಳು ಕಡಿಮೆಯಾದರೆ ಅಜ್ಜ ಅಜ್ಜಿಯರಿಗೆ ದಾಟುವುದೂ ಕಡಿಮೆ.

ಕಾಪುವಿನ ತಾಯಿ

ಆಂಟಿಬಯೋಟಿಕ್ ಇದೆಯಲ್ಲ ಎಂಬ ಮಾತಿಗೆ ನಾನು ಉತ್ತರ ಹೇಳಬೇಕು.

ನನ್ನ ಮಗ ಹುಟ್ಟಿದ್ದು 2018ರಲ್ಲಿ. ಆಗ ಕೇಂದ್ರದಲ್ಲಿ ಪಿಸಿವಿ ಇರಲಿಲ್ಲ. ಹೊರಗೆ ಹಾಕಿಸಲು ಒಂದೊಂದು ಡೋಸಿಗೆ ಸಾವಿರಗಟ್ಟಲೆ ಬೇಕಿತ್ತು, ಬೀಡಿ ಕಟ್ಟುವ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ? ಏಳು ತಿಂಗಳಿಗೆ ಜ್ವರ ಬಂತು. ಮೊದಲ ದಿನ ಶೀತದ ಜ್ವರದ ಹಾಗೆಯೇ ಇತ್ತು. ಎರಡನೆಯ ದಿನ ಹಾಲು ಬಿಟ್ಟ, ಎತ್ತಿಕೊಂಡರೆ ಅಳು ನಿಲ್ಲುವ ಬದಲು ಹೆಚ್ಚುತ್ತಿತ್ತು, ನೆತ್ತಿಯ ಮೆತ್ತನೆಯ ಭಾಗ ಉಬ್ಬಿಕೊಂಡಿತ್ತು. ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷಿಸಿದಾಗ ಇದೇ ನ್ಯುಮೋಕಾಕಸ್. ಆಂಟಿಬಯೋಟಿಕ್ ಕೊಟ್ಟರು, ಕೊಡುವುದು ತಡವೂ ಆಗಲಿಲ್ಲ, ಮಗು ಉಳಿದ. ವೈದ್ಯರ ಋಣ ದೊಡ್ಡದು. ಆದರೆ ಎರಡೂ ಕಿವಿಯ ಕೇಳುವ ಶಕ್ತಿ ಹೋಯಿತು. ಗಾಳಿಗೆ ಬಾಗಿಲು ಧಡಾರೆಂದು ಹಾಕಿಕೊಂಡಾಗಲೂ ಅವನು ತಿರುಗಿ ನೋಡದೆ ಆಡುತ್ತಲೇ ಇದ್ದ, ನಮಗೆ ಗೊತ್ತಾದದ್ದು ಹಾಗೆ. ಈಗ ಅವನ ಕಿವಿಯೊಳಗೆ ಯಂತ್ರವಿದೆ, ಮಾತು ಕಲಿಯುತ್ತಿದ್ದಾನೆ, ಬಹಳ ಚುರುಕಾಗಿದ್ದಾನೆ.

ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುತ್ತದೆ. ಅಷ್ಟರೊಳಗೆ ಅದು ಮಾಡಿಬಿಟ್ಟ ಹಾನಿ ಹಿಂದಕ್ಕೆ ಬರುವುದಿಲ್ಲ. ಯಾರ ಮೇಲೂ ಸಿಟ್ಟಿನಿಂದ ಬರೆಯುತ್ತಿಲ್ಲ. ನಿಮಗೆ ಪುಕ್ಕಟೆ ಸಿಗುತ್ತಿದೆ, ದಯವಿಟ್ಟು ಹೋಗಿ ಹಾಕಿಸಿ.

ಕುಂದಾಪುರ ಕಡೆಯವನು

ಅಕ್ಕಾ, ನಿಮ್ಮ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇಲ್ಲ. ನಿಮ್ಮ ಮಗ ಚೆನ್ನಾಗಿ ಬೆಳೆಯಲಿ.

ಉಡುಪಿಯ ದಾದಿ

ಔಷಧಕ್ಕೆ ಬಗ್ಗದ ನ್ಯುಮೋಕಾಕಸ್ ತಳಿಗಳೂ ಇವೆ ಎಂಬುದನ್ನು ಇದಕ್ಕೆ ಸೇರಿಸುತ್ತೇನೆ. ಸುಮ್ಮನೆ ಶೀತಕ್ಕೆಲ್ಲ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕುಡಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಿಂದ ಈ ತಳಿಗಳು ಹೆಚ್ಚುತ್ತವೆ.

ಲಸಿಕೆ ಆಗಿರಲಿ ಆಗದಿರಲಿ, ಪ್ರತಿ ತಾಯಿಗೆ ಉಸಿರು ಎಣಿಸಲು ಬರಬೇಕು. ಮಗು ಮಲಗಿರುವಾಗ ಅಥವಾ ಅಳದೆ ಇರುವಾಗ ಅಂಗಿ ಮೇಲಕ್ಕೆ ಸರಿಸಿ ಹೊಟ್ಟೆ ನೋಡಿ. ಒಮ್ಮೆ ಮೇಲೇರಿ ಇಳಿದರೆ ಒಂದು. ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳು ತುಂಬದ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ವೈದ್ಯರಿಗೆ ತೋರಿಸಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ದೊಡ್ಡಪತ್ರೆಯ ರಸ, ಎದೆಗೆ ಬಿಸಿ ಎಣ್ಣೆ ಎಂದು ಕೂರುವ ಹೊತ್ತು ಅದಲ್ಲ.

ಮಂಗಳೂರಿನ ಗೃಹಿಣಿ

ಹದಿಮೂರರ ವಿಷಯಕ್ಕೆ ಬನ್ನಿ, ಬಾಣಂತಿಯ ಗಂಡನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಮ್ಮ ಮಗುವಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ಡೋಸ್ ಹಾಕಿಸಿದೆವು. ಸರಕಾರಿ ಲಸಿಕೆ ಬಡವರಿಗೆ ಮಾಡಿದ್ದು, ಅದರಲ್ಲಿ ಕಡಿಮೆ ಇದೆ ಎಂದು ಅಲ್ಲಿನ ಸಿಬ್ಬಂದಿಯೊಬ್ಬರು ಹೇಳಿದ್ದರು. ನಿಜವೇ?

ಮಣಿಪಾಲದಿಂದ

ಆ ಮಾತು ಸರಿಯಲ್ಲ, ಕೇಳಿ ಬೇಸರವಾಯಿತು.

ಸರಕಾರಿ ಕೇಂದ್ರಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಹತ್ತು ಬಗೆಗಳ ನ್ಯುಮೋಸಿಲ್. ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಅಂದರೆ ಗುಣಮಟ್ಟ ಪರಿಶೀಲಿಸಿ ಕೊಡುವ ಮಾನ್ಯತೆ, ಅದಕ್ಕೆ 2019ರಲ್ಲೇ ಸಿಕ್ಕಿದೆ, ನಮ್ಮ ದೇಶದ ಅನುಮತಿ 2020ರಲ್ಲಿ. ಹದಿಮೂರರ ಲಸಿಕೆಯಲ್ಲಿ ಇದಕ್ಕಿಂತ ಹೆಚ್ಚಾಗಿರುವುದು 3, 4 ಮತ್ತು 18ಸಿ ಎಂಬ ಮೂರು ಬಗೆಗಳು. ನಾನು ಆಗಲೇ ಹೇಳಿದ 19ಎ ಎರಡರಲ್ಲೂ ಇದೆ. ಹೊರಗಿನದ್ದು ಅಗಲದಲ್ಲಿ ಸ್ವಲ್ಪ ಹೆಚ್ಚು, ಅಷ್ಟೇ. ಎರಡೂ ಕಾಂಜುಗೇಟ್ ಲಸಿಕೆಗಳೇ. ರೋಗಾಣುವಿನ ಹೊರಕವಚದ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ, ಬರೀ ಸಕ್ಕರೆಯನ್ನು ಕೊಟ್ಟರೆ ಎರಡು ವರ್ಷದೊಳಗಿನ ಮಗುವಿನ ದೇಹ ಅದನ್ನು ಗುರುತಿಸಿ ನೆನಪಿಟ್ಟುಕೊಳ್ಳುವುದಿಲ್ಲ. ಜೀವಂತ ರೋಗಾಣು ಇದರಲ್ಲಿ ಇಲ್ಲ, ಲಸಿಕೆಯಿಂದಲೇ ನ್ಯುಮೋನಿಯಾ ಬರುವ ಪ್ರಶ್ನೆಯೂ ಇಲ್ಲ.

ಡೋಸಿನ ಲೆಕ್ಕ ಬೇರೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಪಟ್ಟಿಯಲ್ಲಿ ಮೂರು ಡೋಸ್ ಮತ್ತು ಎರಡನೆಯ ವರ್ಷದಲ್ಲಿ ಬೂಸ್ಟರ್. ಸರಕಾರದ ಪಟ್ಟಿಯಲ್ಲಿ ಎರಡು ಮತ್ತು ಬೂಸ್ಟರ್. ಎರಡು ಮತ್ತು ಒಂದು ಎಂಬ ಕ್ರಮ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು. ಬ್ರಿಟನ್ 2006ರಲ್ಲಿ ಆರಂಭಿಸಿದ್ದೂ ಅದೇ ಕ್ರಮದಲ್ಲಿ. 2020ರಿಂದ ಅಲ್ಲಿ ಒಂದು ಡೋಸ್ ಮತ್ತು ಒಂದು ಬೂಸ್ಟರ್‌ಗೆ ಇಳಿಸಿದ್ದಾರೆ. ಬಡವರ ಲಸಿಕೆ ಎಂಬ ಮಾತಿಗೆ ಬುಡವಿಲ್ಲ.

ಹಣವಿದ್ದು, ಮಕ್ಕಳ ವೈದ್ಯರೂ ಹೇಳಿದರೆ ಹೊರಗೆ ಹಾಕಿಸಿ, ತಪ್ಪೇನಿಲ್ಲ. ಆದರೆ ಹದಿಮೂರರದ್ದು ಸ್ಟಾಕ್ ಬರಲಿ, ಹಣ ಬರಲಿ ಎಂದು ಕೇಂದ್ರದ ದಿನವನ್ನು ಬಿಟ್ಟುಬಿಡುವುದು ಮಾತ್ರ ಬೇಡ. ಶುರು ಮಾಡಿದ ಬ್ರಾಂಡಿನಲ್ಲೇ ಮುಗಿಸುವುದು ಒಳ್ಳೆಯದು. ಅದು ಸಿಗದೇ ಹೋದರೆ ಇನ್ನೊಂದರಲ್ಲಿ ಮುಗಿಸಿ, ಅರ್ಧಕ್ಕೆ ಬಿಡಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗು, ಹೃದಯದ ತೊಂದರೆ, ಗುಲ್ಮ ಅಥವಾ ರೋಗನಿರೋಧಕ ಶಕ್ತಿಯ ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ಮಾತ್ರ ವೈದ್ಯರ ಹತ್ತಿರ ಕುಳಿತು ಪ್ರತ್ಯೇಕವಾಗಿ ಕೇಳಲೇಬೇಕು.

ಪಡುಬಿದ್ರಿಯ ಅಜ್ಜಿ

ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ಮಗಾ, ನಿನ್ನ ಅತ್ತೆಗೆ ಎದುರು ಮಾತಾಡಬೇಡ. ಇಷ್ಟು ಹೇಳು: ಆಟಿಯಲ್ಲಿ ಮದುವೆ ಬೇಡ, ಮನೆ ಒಕ್ಕಲು ಬೇಡ, ಸರಿ. ಆದರೆ ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲೇ ಪಾಲೆ ಮರದ ಕೆತ್ತೆ ತಂದು, ಕಹಿ ಕಷಾಯ ಮಾಡಿ, ಮನೆಯವರೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತೇವಲ್ಲ, ಅದು ರೋಗ ಬಾರದಿರಲಿ ಎಂದೇ ಅಲ್ಲವೇ? ಮದ್ದಿಗೆ ಆಟಿ ಅಡ್ಡ ಬರುವುದಿಲ್ಲ. ನಮ್ಮ ಕಾಲದಲ್ಲಿ ಈ ಮದ್ದು ಇರಲಿಲ್ಲ ಎನ್ನುವವರಿಗೆ, ನಮ್ಮ ಕಾಲದಲ್ಲಿ ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಬೇಕು. ನನ್ನ ಎರಡನೆಯದು ಕಫ ಕಟ್ಟಿ ಉಬ್ಬಸ ಬಂದು ಹೋಯಿತು. ಯಾವ ರೋಗ ಎಂದು ಹೇಳುವವರೂ ಇರಲಿಲ್ಲ.

ಸುರತ್ಕಲ್ ಬಾಣಂತಿ

ಎಲ್ಲರಿಗೂ ಕೈಮುಗಿಯುತ್ತೇನೆ. ಅಜ್ಜಿಯ ಮಾತನ್ನು ಅತ್ತೆಗೆ ಹಾಗೆಯೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಕರೆದುಕೊಂಡು ಹೋಗು, ಹಿಂದಿನ ದಿನ ಎಣ್ಣೆ ಹಚ್ಚಿ ಸ್ನಾನ ಮಾಡಿಸು ಎಂದರು. ಇವರ ಜೊತೆಗೂ ಮಾತಾಡಿದೆ. ಮೂರು ಬಗೆ ಹೆಚ್ಚಿಗೆ ಸಿಗಲಿ ಎಂದು ವಾರಗಟ್ಟಲೆ ಕಾಯುವುದಕ್ಕಿಂತ ಈಗಲೇ ಕೇಂದ್ರದಲ್ಲಿ ಹಾಕಿಸುವುದು ಎಂದು ಇಬ್ಬರೂ ಒಪ್ಪಿದೆವು. ಅಣ್ಣ ಕಾಪುವಿನ ಅಕ್ಕ ಬರೆದದ್ದನ್ನು ಓದಿ, ಕೇಂದ್ರಕ್ಕೆ ನಾನೇ ಕಾರಿನಲ್ಲಿ ಬಿಡುತ್ತೇನೆ ಎಂದ.

ಎರಡು ಪ್ರಶ್ನೆ ಉಳಿದಿವೆ. ಹದಿನಾಲ್ಕು ವಾರ ತುಂಬುವಾಗ ನಾನು ಬ್ರಹ್ಮಾವರದ ಮನೆಯಲ್ಲಿರುತ್ತೇನೆ. ಜಿಲ್ಲೆ ಬೇರೆ, ಅಲ್ಲಿ ಇದೇ ಕಾರ್ಡು ನಡೆಯುತ್ತದೆಯೇ? ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಿದೆ, ಲಸಿಕೆ ಕೆಟ್ಟಿರಬಹುದೇ ಎಂಬ ಭಯವೂ ಇದೆ.

ಉಡುಪಿಯ ದಾದಿ

ಕಾರ್ಡು ಎಲ್ಲ ಕಡೆ ನಡೆಯುತ್ತದೆ, ಜಿಲ್ಲೆಯ ಹಂಗಿಲ್ಲ. ಮೊದಲ ಡೋಸ್ ಹಾಕಿಸಿದಾಗ ದಿನಾಂಕ ಬರೆಸಿಕೊಂಡು ಕಾರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಲಸಿಕೆ ದಾಖಲಿಸುವ ಸರಕಾರಿ ಜಾಲತಾಣ ಯು-ವಿನ್‌ನಲ್ಲಿ ಮಗುವಿನ ಹೆಸರು ಸೇರಿಸಿದ್ದಾರೆಯೇ ಎಂದು ಅಲ್ಲೇ ಕೇಳಿ. ಬ್ರಹ್ಮಾವರಕ್ಕೆ ಹೋದ ವಾರವೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಒಂದೆರಡು ವಾರ ತಡವಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತೇವೆ. ಒಂಬತ್ತು ತಿಂಗಳ ಬೂಸ್ಟರ್ ಮರೆಯುವವರು ಬಹಳ, ಅದನ್ನು ದಡಾರ-ರುಬೆಲ್ಲಾ ಲಸಿಕೆಯ ದಿನವೇ ಹಾಕುತ್ತಾರೆ.

ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಕರೆಂಟು ಹೋದರೂ ಹೊತ್ತುಗಟ್ಟಲೆ ತಂಪು ಹಿಡಿದಿಡುವ ಪೆಟ್ಟಿಗೆಗಳು ಕೇಂದ್ರದಲ್ಲಿರುತ್ತವೆ, ಉಪಕೇಂದ್ರಕ್ಕೆ ಐಸ್ ಪ್ಯಾಕ್ ಇರುವ ಕ್ಯಾರಿಯರ್‌ನಲ್ಲಿ ಒಯ್ಯುತ್ತೇವೆ. ಶಾಖ ತಗುಲಿದೆಯೇ ಎಂದು ನೀವೇ ನೋಡಬಹುದು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ವೃತ್ತದಷ್ಟೇ ಗಾಢವಾಗಿದ್ದರೆ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಅದನ್ನು ಬಳಸುವುದಿಲ್ಲ. ಚುಚ್ಚುವ ಮೊದಲು, ಸಿಸ್ಟರ್, ಸೀಸೆ ಒಮ್ಮೆ ತೋರಿಸಿ ಎಂದು ಕೇಳಿ. ಕೇಳಿದರೆ ನಮಗೆ ಸಂತೋಷವೇ ಆಗುತ್ತದೆ.